ಹಂಗು ಮತ್ತು ಹಕ್ಕು

"ಮೇಷ್ಟ್ರೇ, ತಾವು ನಿವೃತ್ತರಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಅರ್ಜಿ ಬರೆಯುವುದನ್ನು ಇನ್ನೂ ಬಿಟ್ಟಿಲ್ಲವೇ?" ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಪತ್ರ ಬರೆದು ಕೇಳಿದ್ದಾರೆ. ಪ್ರಶ್ನೆಯಲ್ಲಿ ತಮಾಷೆಯೂ ಇದೆ, ಕಾಳಜಿಯೂ ಇದೆ. ಅವರಿಗೆ ನಾಲ್ಕು ಸಾಲಿನಲ್ಲಿ ಉತ್ತರಿಸಬಹುದಿತ್ತು. ಆದರೆ ನನ್ನ ವಯಸ್ಸಿನವರಿಗೂ, ನನ್ನ ವಯಸ್ಸಿನ ತಂದೆತಾಯಿಯರಿರುವ ಮಕ್ಕಳಿಗೂ ಈ ವಿಷಯ ಉಪಯೋಗಕ್ಕೆ ಬಂದೀತೆಂದು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಹಳ್ಳಿಯ ಶಾಲೆಯ ಮೇಷ್ಟ್ರೆಂದರೆ ಊರಿನ ಅರ್ಜಿಗಳನ್ನೆಲ್ಲ ಬರೆಯುವವನೂ ಹೌದು. ಪಡಿತರ ಚೀಟಿಯಲ್ಲಿ ಹೆಸರು ತಪ್ಪಾಗಿದ್ದರೆ, ಬೋರ್‌ವೆಲ್ ಕೆಟ್ಟಿದ್ದರೆ, ವಿಧವಾ ವೇತನ ಬಾರದಿದ್ದರೆ ಜನ ಸಂಜೆ ಶಾಲೆಯ ಜಗಲಿಗೆ ಬರುತ್ತಿದ್ದರು. "ಗೆ, ಮಾನ್ಯ ತಹಸೀಲ್ದಾರರು" ಎಂದು ಆರಂಭಿಸಿ "ತಮ್ಮ ವಿಶ್ವಾಸಿ" ಎಂದು ಮುಗಿಸುವ ಆ ಅರ್ಜಿಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಪತ್ನಿ ತೀರಿಕೊಂಡ ನಂತರ, 2018ರಲ್ಲಿ, ಮೈಸೂರಿನ ಹೊರವಲಯದ ಒಂದು ವೃದ್ಧಾಶ್ರಮಕ್ಕೆ ನಾನಾಗಿಯೇ ಬಂದು ಸೇರಿದೆ. ಪಿಂಚಣಿಯಿಂದ ತಿಂಗಳ ಶುಲ್ಕ ಕಟ್ಟುತ್ತೇನೆ. ಇಲ್ಲಿ ನಾವು ಮೂವತ್ತೆಂಟು ಮಂದಿ. ಬಂದ ಆರು ತಿಂಗಳಿಗೆ ಜಗಲಿ ಬದಲಾಗಿದೆ, ಕೆಲಸ ಅದೇ ಎಂಬುದು ನನಗೆ ತಿಳಿಯಿತು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹಳ್ಳಿಯವನು ತಹಸೀಲ್ದಾರರಿಗೆ ಅರ್ಜಿ ಕೊಟ್ಟು ತನ್ನ ಮನೆಗೆ ಹೋಗಿ ಮಲಗುತ್ತಿದ್ದ. ಇಲ್ಲಿ ಯಾರ ಮೇಲೆ ದೂರು ಹೇಳುತ್ತೇವೆಯೋ ಅವರೇ ಮರುದಿನ ನಮಗೆ ಅನ್ನ ಬಡಿಸಬೇಕು, ಸ್ನಾನ ಮಾಡಿಸಬೇಕು, ರಾತ್ರಿ ಕರೆದರೆ ಏಳಬೇಕು. ಆದ್ದರಿಂದಲೇ ವೃದ್ಧಾಶ್ರಮದಲ್ಲಿ ದೂರುಗಳು ಕಡಿಮೆ. ಎಲ್ಲವೂ ಚೆನ್ನಾಗಿರುವುದರಿಂದ ಅಲ್ಲ. "ಯಾಕೆ ಬೇಕು ಮೇಷ್ಟ್ರೇ ಗೊಡವೆ? ಇನ್ನೆಷ್ಟು ದಿನ ಇರ್ತೀವಿ?" ಎಂಬುದು ಇಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ವಾಕ್ಯ. ಶುಲ್ಕ ಕಟ್ಟುವವರೂ, ಕಟ್ಟಲಾಗದೆ ದಾನಿಗಳ ನೆರವಿನಿಂದ ಇರುವವರೂ ಇದನ್ನು ಒಂದೇ ದನಿಯಲ್ಲಿ ಹೇಳುತ್ತಾರೆ. ಕನ್ನಡದಲ್ಲಿ ಹಂಗು ಎಂಬ ಒಂದು ಮಾತಿದೆ. ಮನುಷ್ಯನ ತಲೆಯನ್ನು ಬಗ್ಗಿಸುವ ಶಕ್ತಿ ಆ ಎರಡಕ್ಷರಕ್ಕಿದೆ. ಹಕ್ಕು ಎಂಬುದೂ ಎರಡಕ್ಷರವೇ. ಒಂದನ್ನು ಬಿಟ್ಟು ಇನ್ನೊಂದನ್ನು ಉಚ್ಚರಿಸಲು ಎಂಬತ್ತು ವರ್ಷದವರಿಗೆ ತುಂಬ ಕಷ್ಟವಾಗುತ್ತದೆ.

ಹಕ್ಕು ಕಾಗದದ ಮೇಲೆ ಇಲ್ಲವೆಂದಲ್ಲ. 2007ರಲ್ಲಿ ಸಂಸತ್ತು ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯನ್ನು ಅಂಗೀಕರಿಸಿತು. ಕರ್ನಾಟಕದ ನಿಯಮಗಳು 2009ರಲ್ಲಿ ಬಂದವು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರ ಅಗತ್ಯವಿಲ್ಲ. ಸ್ವತಃ ಬರಲಾಗದವರು ಬೇರೊಬ್ಬ ವ್ಯಕ್ತಿಗೋ ಸಂಸ್ಥೆಗೋ ಅಧಿಕಾರ ಕೊಟ್ಟು ಅವರ ಮೂಲಕ ಅರ್ಜಿ ಸಲ್ಲಿಸಬಹುದು. ಮಾಸಾಶನದ ಅರ್ಜಿಯನ್ನು ನೋಟೀಸು ಜಾರಿಯಾದ ತೊಂಬತ್ತು ದಿನಗಳೊಳಗೆ ಇತ್ಯರ್ಥಪಡಿಸಬೇಕು, ವಿಶೇಷ ಕಾರಣಗಳಿದ್ದರೆ ಇನ್ನು ಮೂವತ್ತು ದಿನ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಬರೆದುಕೊಟ್ಟಿದ್ದು, ಪಡೆದವರು ಆ ಷರತ್ತನ್ನು ಪಾಲಿಸದಿದ್ದರೆ, 23ನೆಯ ಪ್ರಕರಣದಂತೆ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಬಹುದು. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಅವಕಾಶವಿರುವ ಒಂದಾದರೂ ವೃದ್ಧಾಶ್ರಮವನ್ನು ಹಂತಹಂತವಾಗಿ ಸ್ಥಾಪಿಸಬಹುದೆಂದು ಇದೇ ಕಾಯಿದೆ ಹೇಳುತ್ತದೆ. "ಸ್ಥಾಪಿಸಬಹುದು" ಎಂದಿದೆಯೇ ಹೊರತು "ಸ್ಥಾಪಿಸತಕ್ಕದ್ದು" ಎಂದಿಲ್ಲ. ವ್ಯಾಕರಣ ಕಲಿಸಿದವನಿಗೆ ಈ ಎರಡರ ಅಂತರ ಕಣ್ಣಿಗೆ ಹೊಡೆಯುತ್ತದೆ.

ಆದರೆ ವೃದ್ಧಾಶ್ರಮದ ಗೋಡೆಯೊಳಗೆ ದಿನ ಹೇಗೆ ನಡೆಯಬೇಕು, ರಾತ್ರಿ ಎಷ್ಟು ಜನ ಎಚ್ಚರವಿರಬೇಕು, ದೂರನ್ನು ಯಾರು ಕೇಳಬೇಕು ಎಂಬ ವಿಷಯದಲ್ಲಿ ಆ ಕಾಯಿದೆಯ ಮಾತು ಬಹಳ ಕಡಿಮೆ. ಆಶ್ರಮಗಳ ನೋಂದಣಿ ಹಾಗೂ ಕನಿಷ್ಠ ಗುಣಮಟ್ಟವನ್ನು ಕಡ್ಡಾಯಗೊಳಿಸುವ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಆ ಲೋಕಸಭೆಯ ಅವಧಿ 2024ರಲ್ಲಿ ಮುಗಿಯುವವರೆಗೂ ಅದು ಶಾಸನವಾಗಲಿಲ್ಲ. ಅಮೆರಿಕದಲ್ಲಿ ಮಗಳನ್ನಿಟ್ಟಿರುವ ನಮ್ಮ ಇಲ್ಲಿನ ಒಬ್ಬರು ಅಲ್ಲಿನ ಪದ್ಧತಿಯನ್ನು ವಿಚಾರಿಸಿ ತಿಳಿಸಿದರು. 1987ರ ಶಾಸನದಂತೆ, ಸರ್ಕಾರದ ವಿಮೆಯ ಹಣ ಪಡೆಯುವ ಶುಶ್ರೂಷಾಲಯಗಳಲ್ಲಿ ನಿವಾಸಿಗಳು ತಮ್ಮದೇ ಗುಂಪು ಕಟ್ಟಿಕೊಂಡು ಸಭೆ ಸೇರುವ ಹಕ್ಕು ಅಲ್ಲಿದೆ. ಪ್ರತೀಕಾರದ ಭಯವಿಲ್ಲದೆ ದೂರು ಹೇಳುವ ಹಕ್ಕೂ ಇದೆ. ಹಕ್ಕಿದ್ದ ಮಾತ್ರಕ್ಕೆ ಅಲ್ಲಿ ಎಲ್ಲವೂ ನೆಟ್ಟಗಿದೆಯೆಂದು ನಾನು ಹೇಳುವುದಿಲ್ಲ. ಆದರೆ ಸಭೆ ಸೇರುವುದು ಕೃತಘ್ನತೆಯಲ್ಲ ಎಂದು ಕಾನೂನೇ ಹೇಳಿದರೆ ಮುದುಕರ ಬೆನ್ನು ಸ್ವಲ್ಪ ನೇರವಾಗುತ್ತದೆ.

ಕಾಯಿದೆಯನ್ನು ಓದಿಕೊಂಡ ಹೊಸತರಲ್ಲಿ ನನಗೆ ಮೊದಲು ನೆನಪಾದವರು ಹಾಸನದ ಕಡೆಯ ಒಬ್ಬ ಅಮ್ಮ. ಎಂಬತ್ತೊಂದು ವರ್ಷ. ಇದ್ದ ಮನೆಯನ್ನೂ ಎರಡು ಎಕರೆ ಗದ್ದೆಯನ್ನೂ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟವರು. ತಾಯಿಯನ್ನು ಕೊನೆಯವರೆಗೂ ನೋಡಿಕೊಳ್ಳತಕ್ಕದ್ದು ಎಂಬ ಮಾತು ಪತ್ರದಲ್ಲೇ ಇತ್ತು. ಅದರ ನಕಲನ್ನು ಅವರು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದರು. ಓದಿ ನೋಡಿದೆ. 23ನೆಯ ಪ್ರಕರಣಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾಗದ ಬೇಕಿರಲಿಲ್ಲ. ಇರುವ ದಾರಿಯನ್ನು ಅವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಕಲನ್ನು ಮಡಿಸಿ, "ಬ್ಯಾಡಿ ಮೇಷ್ಟ್ರೇ. ಕೋರ್ಟಿನ ಕಟ್ಟೆ ಮ್ಯಾಲೆ ನನ್ನ ಮಗನ್ನ ನಿಲ್ಲಿಸ್ಲಾರೆ. ಕಾಗದ ಓದಿ ಹೇಳಿದ್ರಲ್ಲ, ಅಷ್ಟು ಸಾಕು" ಎಂದರು.

ನಾನು ಮತ್ತೆ ಆ ಮಾತೆತ್ತಲಿಲ್ಲ. ಪರರ ಪರವಾಗಿ ಮಾತನಾಡುವವನು ಮೊದಲು ತಿಳಿಯಬೇಕಾದ ಪಾಠ ಇದೇ ಎಂದು ನನ್ನ ಭಾವನೆ. ನ್ಯಾಯ ಅವರ ಕಡೆಗಿದೆ ಎಂಬುದು ನಮಗೆ ಎಷ್ಟೇ ಸ್ಪಷ್ಟವಾಗಿದ್ದರೂ, ಅದನ್ನು ಕೇಳಬೇಕೋ ಬೇಡವೋ ಎಂಬ ತೀರ್ಮಾನ ಅವರದು. ಮನೆ, ಗದ್ದೆ, ಕಾಲ ಬಲ ಎಲ್ಲವನ್ನೂ ಕಳೆದುಕೊಂಡವರಿಗೆ ಉಳಿದಿರುವುದು 'ಬೇಡ' ಎನ್ನುವ ಸ್ವಾತಂತ್ರ್ಯ. ಅವರ ಹಿತದ ಹೆಸರಿನಲ್ಲಿ ಅದನ್ನೂ ಕಸಿದುಕೊಂಡರೆ, ಕೇಳದೆಯೇ ಅವರ ಬದುಕನ್ನು ನಿರ್ಧರಿಸಿದವರ ಸಾಲಿನಲ್ಲಿ ನಾವೂ ಸೇರುತ್ತೇವೆ. ಅಂದಿನಿಂದ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಬರೆದ ಅರ್ಜಿಯನ್ನು ಸಂಬಂಧಪಟ್ಟವರಿಗೆ ಎರಡು ಸಲ ಓದಿ ಹೇಳುತ್ತೇನೆ. ಒಂದು ರಾತ್ರಿ ಕಳೆಯಲು ಬಿಡುತ್ತೇನೆ. ಮರುದಿನವೂ ಹೌದೆಂದರೆ ಮಾತ್ರ ಸಹಿ.

ಈಗ ಊಟದ ವಿಷಯ ಹೇಳುತ್ತೇನೆ. ಒಂದು ವರ್ಷ, ಅಡುಗೆಯವರು ಬದಲಾದಾಗ, ರಾತ್ರಿಯ ಊಟವನ್ನು ಏಳೂವರೆಯಿಂದ ಐದೂವರೆಗೆ ತಂದರು. ಹೊಸ ಅಡುಗೆಯಾಕೆಗೆ ಊರಿಗೆ ಹೋಗುವ ಕೊನೆಯ ಬಸ್ಸು ಆರೂವರೆಗೆ. ಬೆಳಗಿನ ತಿಂಡಿ ಎಂಟೂವರೆಗೆ. ನಡುವೆ ಹದಿನೈದು ಗಂಟೆ. ಹಸಿವನ್ನು ಹೇಗೋ ತಡೆಯಬಹುದು. ಮುದುಕರ ಹಸಿವು ಹೇಗೂ ಕಡಿಮೆ. ಆದರೆ ನಮ್ಮಲ್ಲಿ ಹದಿನೇಳು ಮಂದಿ ಸಕ್ಕರೆ ಕಾಯಿಲೆಯವರು. ಅವರಲ್ಲಿ ಐವರು ಇನ್ಸುಲಿನ್ ಚುಚ್ಚಿಸಿಕೊಳ್ಳುವವರು. ಊಟಕ್ಕೆ ಮುಂಚೆ ತೆಗೆದುಕೊಂಡ ಔಷಧ ರಾತ್ರಿಯೆಲ್ಲ ತನ್ನ ಕೆಲಸ ಮಾಡುತ್ತಿರುತ್ತದೆ. ಹೊಟ್ಟೆಯಲ್ಲಿ ಆಹಾರವಿಲ್ಲದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. ಅದು 70ಕ್ಕಿಂತ ಕೆಳಗಿಳಿದರೆ ಅಪಾಯದ ಸೂಚನೆ. ಬೆವರು, ನಡುಕ, ತೊದಲು, ಗೊಂದಲ ಕಾಣಿಸಿಕೊಳ್ಳುತ್ತವೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ.

ಹದಿನೈದು ದಿನ ಕಳೆದಿರಬಹುದು. ನಸುಕಿನ ನಾಲ್ಕು ಗಂಟೆಗೆ ನಮ್ಮ ನಿವೃತ್ತ ಪೋಸ್ಟ್‌ಮಾಸ್ಟರರು ಓಣಿಯಲ್ಲಿ ಗೋಡೆ ಹಿಡಿದು ನಿಂತು ಅಂಚೆ ಚೀಲ ಎಲ್ಲಿ ಎಂದು ಕೇಳುತ್ತಿದ್ದರು. ರಾತ್ರಿ ಪಾಳಿಯ ಆಯಾ, "ತಾತಂಗೆ ಅರಳುಮರಳು ಶುರುವಾಯ್ತು" ಎಂದು ಅವರನ್ನು ಹಾಸಿಗೆಗೆ ಕರೆದೊಯ್ಯುತ್ತಿದ್ದಳು. ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ನನ್ನ ಕೋಣೆಯ ಗ್ಲೂಕೋಮೀಟರಿನಲ್ಲಿ ನೋಡಿದರೆ 48. ಸಕ್ಕರೆ ಕಲಸಿದ ನೀರು ಕುಡಿಸಿದ ಕಾಲು ಗಂಟೆಗೆ ಅವರು ತಮ್ಮ ಹೆಸರು ಹೇಳಿದರು, ನನ್ನ ಹೆಸರು ಹೇಳಿದರು, ಅಂಗಿ ಒದ್ದೆಯಾಗಿದೆಯೆಂದು ನಾಚಿಕೊಂಡರು. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಆ ಗಾದೆಯ ಮರೆಯಲ್ಲಿ ಚಿಕಿತ್ಸೆಯಿರುವ ಎಷ್ಟು ಕಾಯಿಲೆಗಳು ಅಡಗಿ ಕುಳಿತಿವೆಯೋ!

ನಾನು ಮರುದಿನವೇ ಜಗಳಕ್ಕೆ ಹೋಗಲಿಲ್ಲ. ಹಾಜರಿ ಪುಸ್ತಕ ಇಟ್ಟ ಕೈ ಇದು. ಇನ್ನೂರು ಪುಟದ ಒಂದು ನೋಟ್‌ಪುಸ್ತಕ ತರಿಸಿ ಗೆರೆ ಎಳೆದೆ. ದಿನಾಂಕ, ಹೊತ್ತು, ಸಕ್ಕರೆಯ ಅಂಕಿ, ಕಂಡ ಲಕ್ಷಣ. ಒಪ್ಪಿದವರದು ಮಾತ್ರ. ಮೂರು ವಾರಗಳಲ್ಲಿ ನಸುಕಿನ ಅಂಕಿ 70ಕ್ಕಿಂತ ಕೆಳಗಿಳಿದದ್ದು ಒಂಬತ್ತು ಸಲ, ನಾಲ್ವರಲ್ಲಿ. ವಾರಕ್ಕೊಮ್ಮೆ ಬರುವ ವೈದ್ಯರಿಗೆ ಪುಸ್ತಕ ತೋರಿಸಿದೆ. ಅವರು ಇಬ್ಬರ ಔಷಧದ ಪ್ರಮಾಣ ತಗ್ಗಿಸಿ, ಮಧುಮೇಹಿಗಳ ರಾತ್ರಿಯ ಊಟ ಏಳು ಗಂಟೆಗೆ ಮುಂಚೆ ಬೇಡ, ಮಲಗುವಾಗ ಲಘು ಆಹಾರ ಬೇಕು ಎಂದು ಚೀಟಿ ಬರೆದುಕೊಟ್ಟರು.

ಚೀಟಿಯೊಡನೆ ವ್ಯವಸ್ಥಾಪಕರ ಬಳಿ ಹೋದೆವು. ಅವರು ಕೆಟ್ಟವರಲ್ಲ. ಲೆಕ್ಕ ತೂಗಿಸಬೇಕಾದವರು. "ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಊಟ ಹಾಕೋಕೆ ಇದು ಹೋಟೆಲಲ್ಲ ಮೇಷ್ಟ್ರೇ. ಇಲ್ಲಿ ಅನುಕೂಲವಾಗದವರು ಬೇರೆ ಕಡೆ ನೋಡ್ಕೋಬಹುದು" ಎಂದರು. ದನಿ ಏರಿಸಲಿಲ್ಲ. ಆದರೆ ಆ ಕೊನೆಯ ಮಾತು ಸಂಜೆಯೊಳಗೆ ಮೂವತ್ತೆಂಟು ಹಾಸಿಗೆಗಳಿಗೂ ತಲುಪಿತು. ಟ್ರಸ್ಟಿಗಳಿಗೆ ಬರೆದ ಮನವಿಗೆ ಸಹಿ ಹಾಕುತ್ತೇವೆಂದಿದ್ದ ಹತ್ತೊಂಬತ್ತು ಮಂದಿಯಲ್ಲಿ ಮರುದಿನ ಉಳಿದವರು ನಾಲ್ವರು. ನಾನು ಯಾರನ್ನೂ ದೂರುವುದಿಲ್ಲ. ಬೇರೆ ಕಡೆ ಎಂಬುದು ಕೆಲವರಿಗೆ ನಿಜವಾಗಿಯೂ ಇಲ್ಲ.

ಆಗ ಹಾಸನದ ಅಮ್ಮ ಊರುಗೋಲಿನ ಮೇಲೆ ಬಂದು ನನ್ನ ಮೇಜಿನೆದುರು ಕುಳಿತರು. ಅವರಿಗೆ ಸಕ್ಕರೆ ಕಾಯಿಲೆಯೇ ಇಲ್ಲ. "ಎಲ್ಲಿ ಒತ್ತಬೇಕು ತೋರಿಸಿ" ಎಂದರು. ಬೆರಳಿಗೆ ಮಸಿ ಹಚ್ಚುವ ಮುನ್ನ ಓದಿ ಹೇಳಲು ಹೊರಟೆ. "ಮಗನ ಮ್ಯಾಲೆ ಆದ್ರೆ ಬ್ಯಾಡ ಅಂತಿದ್ದೆ. ಇದು ಅನ್ನದ ಮಾತು. ಅನ್ನ ಕೇಳೋಕೆ ಯಾವ ನಾಚಿಕೆ?" ಎಂದರು. ನಮ್ಮ ಕ್ರಮದಂತೆ ಒಂದು ರಾತ್ರಿ ಕಾದೆವು. ಮರುದಿನ ಅವರ ಹೆಬ್ಬೆಟ್ಟಿನ ಗುರುತು ಬಿದ್ದಿತು. ಅದು ಬಿದ್ದ ಮೇಲೆ ಒಬ್ಬೊಬ್ಬರಾಗಿ ಬಂದರು. ಕಡೆಗೆ ಇಪ್ಪತ್ತಾರು.

ಇಷ್ಟರೊಳಗೆ ನನಗೆ ಇನ್ನೊಂದು ವಿಷಯ ಮನವರಿಕೆಯಾಗಿತ್ತು. ನಮ್ಮ ಬೇಡಿಕೆ ಗೆದ್ದು ಅಡುಗೆಯಾಕೆಯ ಬಸ್ಸು ತಪ್ಪುವಂತಾದರೆ ಅದು ನ್ಯಾಯವಲ್ಲ. ಆಕೆಗೂ ಮನೆಯಲ್ಲಿ ಇಬ್ಬರು ಮಕ್ಕಳು. ರಾತ್ರಿಯ ಆಯಾ ಒಬ್ಬಳೇ ಮೂವತ್ತೆಂಟು ಜನರನ್ನು ನೋಡಿಕೊಳ್ಳುತ್ತಾಳೆ. ಪೋಸ್ಟ್‌ಮಾಸ್ಟರರ ಲಕ್ಷಣ ಅವಳಿಗೆ ತಿಳಿಯಲಿಲ್ಲವೆಂದರೆ, ತಿಳಿಸಿಕೊಟ್ಟವರು ಯಾರು? ನಮ್ಮ ಕಷ್ಟ, ಅವರ ಕಷ್ಟ ಬೇರೆ ಬೇರೆಯಲ್ಲ. ಕೈಗಳು ಸಾಲದ ಕಡೆ ಆರೈಕೆ ಒರಟಾಗುತ್ತದೆ. ಆದ್ದರಿಂದ ಮನವಿಯಲ್ಲಿ ದೂರಿನ ಜೊತೆಗೆ ಒಂದು ಏರ್ಪಾಡನ್ನೂ ಬರೆದೆವು. ಅಡುಗೆ ಆರು ಗಂಟೆಗೆ ಮುಗಿಯಲಿ. ಅಡುಗೆಯಾಕೆ ಬಸ್ಸಿಗೆ ಹೋಗಲಿ. ಕೈಕಾಲು ಗಟ್ಟಿಯಿರುವ ನಾವು ಏಳು ಮಂದಿ ಸರದಿಯಂತೆ, ಸಂಜೆಯ ಸಹಾಯಕಿಯ ಜೊತೆಗೂಡಿ, ಏಳೂವರೆಗೆ ಸಾರು ಬಿಸಿಮಾಡಿ ಬಡಿಸುತ್ತೇವೆ. ಒಂಬತ್ತಕ್ಕೆ ಮಧುಮೇಹಿಗಳಿಗೆ ಅರ್ಧ ಲೋಟ ಹಾಲು, ಎರಡು ಬಿಸ್ಕತ್ತು. ಪ್ರತಿ ಮಹಡಿಯಲ್ಲಿ ಒಂದು ಡಬ್ಬಿ ಸಕ್ಕರೆ. ಆಯಾಗಳಿಗೆ ವೈದ್ಯರಿಂದ ಒಂದು ಗಂಟೆಯ ಪಾಠ. ಕೊನೆಯದಾಗಿ, ರಾತ್ರಿಗೆ ಇನ್ನೊಬ್ಬ ಆಯಾ.

ಟ್ರಸ್ಟಿಗಳು ನಮ್ಮನ್ನು ಕರೆಸಿ ಮುಕ್ಕಾಲು ಗಂಟೆ ಕೇಳಿದರು. ನೋಟ್‌ಪುಸ್ತಕವನ್ನು ಕೈಗೆತ್ತಿಕೊಂಡು ಪುಟ ಪುಟ ತಿರುವಿದರು. ಭಾಷಣಕ್ಕೆ ಸಿಗದ ಮರ್ಯಾದೆ ಅಂಕಿಗಳಿಗೆ ಸಿಗುತ್ತದೆ. ಮೊದಲ ನಾಲ್ಕೂ ಒಪ್ಪಿಗೆಯಾದವು. ಎರಡನೆಯ ಆಯಾ ವಿಷಯ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಊಟದ ಹೊತ್ತು ಬದಲಾದ ಮೇಲಿನ ಮೊದಲ ಮೂರು ವಾರ ಪುಸ್ತಕ ಮುಂದುವರಿಸಿದೆ. 70ಕ್ಕಿಂತ ಕೆಳಗಿಳಿದದ್ದು ಒಂದೇ ಸಲ. ಆ ರಾತ್ರಿ ಅದನ್ನು ಗುರುತಿಸಿ ಸಕ್ಕರೆ ನೀರು ಕುಡಿಸಿದವಳು ಅದೇ ಆಯಾ.

ಎಲ್ಲ ಅರ್ಜಿಗಳೂ ಇಷ್ಟು ದೊಡ್ಡವಲ್ಲ. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸಿಕೊಡಬೇಕು. ಸೌದೆ ಒಲೆಯ ಮುಂದೆ, ಗದ್ದೆಯಲ್ಲಿ ಸವೆದ ಬೆರಳುಗಳ ಗೆರೆಯನ್ನು ಯಂತ್ರ ಓದುವುದಿಲ್ಲ. ಆದರೆ ಜೀವನ ಪ್ರಮಾಣಪತ್ರವನ್ನು ಮನೆಬಾಗಿಲಿಗೇ ಬಂದು ಮಾಡಿಕೊಡುವ ಸೇವೆಯನ್ನು ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ 2020ರಿಂದ ನಡೆಸುತ್ತಿದೆ. ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಿಸುವ ವಿಧಾನವೂ 2021ರಲ್ಲಿ ಬಂದಿತು. ಕೇಂದ್ರ ಸರ್ಕಾರದ ಪಿಂಚಣಿದಾರರು ಎಂಬತ್ತು ದಾಟಿದ್ದರೆ ನವೆಂಬರ್‌ವರೆಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ಪೋಸ್ಟ್‌ಮ್ಯಾನ್‌ನನ್ನು ಒಂದು ದಿನ ಆಶ್ರಮಕ್ಕೇ ಕರೆಸಿದರೆ ಹನ್ನೊಂದು ಮಂದಿಯ ಆಟೋ ಖರ್ಚೂ ಸೊಂಟದ ನೋವೂ ಉಳಿಯುತ್ತವೆ. ನಮ್ಮ ಪೋಸ್ಟ್‌ಮಾಸ್ಟರರು ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಲ್ವಿಚಾರಣೆಗೆ ಕೂರುತ್ತಾರೆ.

ಮತದಾನದ್ದೂ ಹಾಗೆಯೇ. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರು 12-ಡಿ ನಮೂನೆ ಕೊಟ್ಟರೆ ಅಧಿಕಾರಿಗಳೇ ಮನೆಗೆ ಬಂದು ಮತ ಪಡೆಯುವ ಏರ್ಪಾಡಿತ್ತು. ಆದರೆ ನಮ್ಮಲ್ಲಿ ಹೆಚ್ಚಿನವರ ಹೆಸರು ತಾವು ಬಿಟ್ಟುಬಂದ ಊರಿನ ಪಟ್ಟಿಯಲ್ಲಿತ್ತು. ವಾಸಸ್ಥಳ ಬದಲಾವಣೆಗೆ ನಮೂನೆ 8 ತುಂಬಬೇಕು. ಅದರಲ್ಲಿ ಈಗಿನ ವಿಳಾಸ ಎಂಬ ಕಡೆ ಆಶ್ರಮದ ವಿಳಾಸ ಬರೆಯಲು ಮೂವರು ಒಪ್ಪಲೇ ಇಲ್ಲ. ಊರಿನ ವಿಳಾಸ ಹೋದರೆ ಊರೇ ಹೋದಂತೆ ಎಂಬುದು ಅವರ ಭಾವನೆ. ಅವರಿಗೆ ನಾನು ಒತ್ತಾಯ ಮಾಡಲಿಲ್ಲ. ಉಳಿದವರಲ್ಲಿ ಅರ್ಹರಾದ ಆರು ಮಂದಿ ಹಾಸಿಗೆಯ ಪಕ್ಕದಲ್ಲೇ ಗುಟ್ಟಾಗಿ ಮತ ಹಾಕಿದರು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ವಯಸ್ಸಿನ ಮಿತಿ ಎಂಬತ್ತೈದಕ್ಕೆ ಏರಿತು. ಆರರಲ್ಲಿ ನಾಲ್ವರು ಒಂದು ವರ್ಷ ಹೆಚ್ಚು ಮುದುಕರಾಗಿ, ಸರ್ಕಾರದ ಲೆಕ್ಕದಲ್ಲಿ ಮತ್ತೆ ಮತಗಟ್ಟೆಗೆ ನಡೆದುಹೋಗುವಷ್ಟು ಯುವಕರಾದರು!

ಈ ಅನುಭವದಿಂದ ಮಕ್ಕಳಿಗೆ ಕೆಲವು ಮಾತು ಹೇಳಬಯಸುತ್ತೇನೆ. ತಂದೆತಾಯಿಯರಿಗೆಂದು ಆಶ್ರಮ ನೋಡಲು ಹೋದಾಗ ತೋಟವನ್ನೂ ಪ್ರಾರ್ಥನಾ ಮಂದಿರವನ್ನೂ ನೋಡಿ ಬರಬೇಡಿ. ರಾತ್ರಿಯ ಊಟಕ್ಕೂ ಬೆಳಗಿನ ತಿಂಡಿಗೂ ಎಷ್ಟು ಗಂಟೆಯ ಅಂತರವಿದೆ ಎಂದು ಕೇಳಿ. ರಾತ್ರಿ ಎಚ್ಚರವಿರುವವರು ಎಷ್ಟು ಜನ, ನಿವಾಸಿಗಳು ಎಷ್ಟು ಜನ ಎಂದು ಕೇಳಿ. ಎಟಿಎಂ ಕಾರ್ಡು ಮತ್ತು ಪಾಸ್‌ಪುಸ್ತಕ ಯಾರ ಬಳಿ ಇರುತ್ತವೆ, ಠೇವಣಿ ವಾಪಸಾಗುವ ನಿಯಮವನ್ನು ಬರೆದುಕೊಡುತ್ತಾರೆಯೇ, ನಿವಾಸಿಗಳು ಟ್ರಸ್ಟಿಗಳನ್ನು ನೇರವಾಗಿ ಕಾಣಬಹುದೇ ಎಂದು ಕೇಳಿ. ಸೇರಿಸಿದ ಮೇಲೆ ಫೋನಿನಲ್ಲಿ "ಚೆನ್ನಾಗಿದ್ದೀಯಾ ಅಮ್ಮ?" ಎಂದು ಕೇಳಿದರೆ "ಚೆನ್ನಾಗಿದ್ದೀನಿ ಕಣಪ್ಪ" ಎಂಬ ಉತ್ತರವೇ ಬರುತ್ತದೆ, ಅದು ತಾಯಂದಿರ ಅಭ್ಯಾಸ. ಅದರ ಬದಲು "ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಊಟ ಹಾಕಿದರು, ಏನು ಬಡಿಸಿದರು?" ಎಂದು ಕೇಳಿ. ಹೇಳಿಕೊಳ್ಳಲು ಯಾರೂ ಇಲ್ಲವೆನಿಸಿದ ಹಿರಿಯರು 14567 ಎಂಬ ಹಿರಿಯರ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು ಎಂಬುದೂ ಗೊತ್ತಿರಲಿ.

ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಇಲ್ಲಿ ಓದುಬರಹ ಬಲ್ಲವರು ಇನ್ನೂ ಇದ್ದಾರೆ. ಕಳೆದ ತಿಂಗಳಿನಿಂದ ನಿವೃತ್ತ ದಾದಿಯೊಬ್ಬರು ನೋಟ್‌ಪುಸ್ತಕದ ಹೊಣೆ ವಹಿಸಿಕೊಂಡಿದ್ದಾರೆ, ನನಗಿಂತ ಅಚ್ಚುಕಟ್ಟು. ಮನವಿ ಬರೆಯುವ ಬಗೆಯನ್ನು ಇಬ್ಬರಿಗೆ ಕಲಿಸುತ್ತಿದ್ದೇನೆ. ಎರಡನೆಯ ಆಯಾ ವಿಷಯವಾಗಿ ಟ್ರಸ್ಟಿಗಳಿಗೆ ಮೂರನೆಯ ನೆನಪೋಲೆ ಸಿದ್ಧವಾಗಿದೆ. ಈ ಸಲ ಅದರ ಕರಡನ್ನು ಬರೆದವನು ನಾನಲ್ಲ. ಎರಡು ಕಾಗುಣಿತ ತಿದ್ದಿಕೊಟ್ಟೆ, ಅಷ್ಟೆ. ಸಹಿಗಳು ಈಗಾಗಲೇ ಮೂವತ್ತೊಂದಾಗಿವೆ.